ಯೆಹೂದ್ಯರ ಕಲ್ಪಿತ ಪ್ರಾಣಿಗಳೂ ಕೇರಳದ ನವಿಲೂ

ಕೇರಳದ ಭೂಮಿಯಲ್ಲಿ ಡೈನೊಸಾರಿನ ಎಲುಬನ್ನು ಅರಸಿ ಹೊರಟವನಿಗೆ ನಿರಾಶೆಯೇ ಗತಿ. ತಿರುವನಂತಪುರದ ಸುತ್ತಮುತ್ತಲಿನ ಖೊಂಡಲೈಟ್, ಚಾರ್ನೊಕೈಟ್ ಮೊದಲಾದ ಕಗ್ಗಲ್ಲುಗಳು ಐವತ್ತು ಕೋಟಿ ವರ್ಷಗಳಿಗೂ ಹಿಂದಿನವು. ಭೂಗರ್ಭದ ಕಾವಿನಲ್ಲಿ ಬೆಂದು ರೂಪಾಂತರಗೊಂಡ ಆ ಶಿಲೆಗಳಲ್ಲಿ ಪ್ರಾಣಿಯ ಅಸ್ಥಿ ಉಳಿಯುವ ಮಾತೇ ಇಲ್ಲ. ವರ್ಕಲದ ಕಡಿದಾದ ಸಮುದ್ರದಂಡೆಯಲ್ಲಿ ಕಾಣುವ ಮರಳುಗಲ್ಲು ಮತ್ತು ಜೇಡಿಯ ಪದರಗಳಾದರೋ ಡೈನೊಸಾರುಗಳು ಅಳಿದು ಕೋಟ್ಯಂತರ ವರ್ಷಗಳು ಕಳೆದ ಮೇಲೆ ಸಂಚಿತವಾದವು. ಆ ಪ್ರಾಣಿಗಳು ಬಾಳಿ ಮರೆಯಾದ ಅವಧಿ, ಎಂದರೆ ಸುಮಾರು 23 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗಿನ ಕಾಲ, ಕೇರಳದ ಶಿಲಾಗ್ರಂಥದಲ್ಲಿ ಬಹುಮಟ್ಟಿಗೆ ಹರಿದುಹೋದ ಪುಟ. ಕೊಚ್ಚಿಯಂತೂ ಹೊಳೆಗಳು ತಂದೊಡ್ಡಿದ ಮರಳು ಕೆಸರುಗಳ ಮೇಲೆ ನಿಂತ ಊರು. ಆದಕಾರಣ ಈ ಎರಡು ನಗರಗಳ ನಡುವೆ ಡೈನೊಸಾರನ್ನು ಕಾಣಬಯಸುವವನು ಅದನ್ನು ಕಲ್ಪಿಸಿಕೊಂಡೇ ಕಾಣಬೇಕು. ಯಾರೂ ಕಾಣದ ಪ್ರಾಣಿಗಳನ್ನು ಕಲ್ಪಿಸಿ, ಅವುಗಳ ಮೇಲೆ ಗಂಭೀರವಾಗಿ ವಾದ ಹೂಡುವುದರಲ್ಲಿ ನುರಿತ ಪರಂಪರೆಯೊಂದು ಕೊಚ್ಚಿಯಲ್ಲಿ ಶತಮಾನಗಳ ಕಾಲ ನೆಲೆಸಿದ್ದಿತೆಂಬುದು ಇಲ್ಲಿ ಸ್ಮರಣೀಯ. ಅದು ಯೆಹೂದ್ಯರ ಪರಂಪರೆ.

ಇತ್ತೀಚಿನ ಯೆಹೂದ್ಯ ವಿನೋದದಲ್ಲಿ ಒಂದು ಬಗೆಯುಂಟು. ಹೀಬ್ರೂ ಭಾಷೆಯ ಅಥವಾ ಯಿಡ್ಡಿಷ್ ಭಾಷೆಯ ಒಂದು ಮನೆಮಾತನ್ನು ತೆಗೆದುಕೊಂಡು ಅದರ ಬಾಲಕ್ಕೆ 'ಸಾರಸ್' ಎಂಬ ಪ್ರತ್ಯಯವನ್ನು ಅಂಟಿಸಿ, ಹೊಸದೊಂದು ಡೈನೊಸಾರನ್ನು ಸೃಷ್ಟಿಸುವುದು. 'ಡೈನೊಸಾರ್' ಎಂಬ ಹೆಸರೇ ಇಂತಹ ಜೋಡಣೆ. ಗ್ರೀಕ್ ಭಾಷೆಯ 'ಘೋರ' ಮತ್ತು 'ಹಲ್ಲಿ' ಎಂಬರ್ಥದ ಎರಡು ಶಬ್ದಗಳನ್ನು ಬೆಸೆದು ರಿಚರ್ಡ್ ಓವನ್ ಎಂಬ ಆಂಗ್ಲ ಅಂಗರಚನಾಶಾಸ್ತ್ರಜ್ಞನು ಅದನ್ನು 1842ರಲ್ಲಿ ಪ್ರಕಟಿಸಿದನು. ಶಾಸ್ತ್ರಜ್ಞನ ಗಂಭೀರವಾದ ಈ ವ್ಯಾಕರಣವನ್ನು ಅಡುಗೆಮನೆಯ ಮಾತಿಗೆ ಹಚ್ಚಿದೊಡನೆ ನಗೆ ಹುಟ್ಟುತ್ತದೆ. ಉದಾಹರಣೆಗೆ 'ಷಬ್ಬಾತೊಸಾರಸ್' ಎಂದು ಒಂದನ್ನು ಕಲ್ಪಿಸಬಹುದು. ಇದು ಆರು ದಿನ ಕಾಡೆಲ್ಲ ತುಳಿದು ಮೇದು, ಏಳನೆಯ ದಿನದ ವಿಶ್ರಾಂತಿವಿಧಿಗೆ ತಲೆಬಾಗಿ ಒಂದು ರೆಂಬೆಯನ್ನೂ ಮುರಿಯದೆ ಮಲಗಿರುತ್ತದೆ. ಕೊಚ್ಚಿಯ ಮಟ್ಟಾಂಚೇರಿಗೆ ಒಂದು ಜಾತಿ ಬೇಕೆಂದಾದರೆ, 1568ರಲ್ಲಿ ಕಟ್ಟಿದ ಅಲ್ಲಿಯ ಪರದೇಶಿ ಸಿನಗಾಗಿನ ಆಚಾರವನ್ನು ಅದಕ್ಕೆ ಕಲಿಸಬೇಕಾಗುತ್ತದೆ. ಹಿಂದೂ ದೇವಾಲಯಗಳಲ್ಲಿಯಂತೆ ಆ ಪ್ರಾರ್ಥನಾಮಂದಿರದಲ್ಲಿಯೂ ಪಾದರಕ್ಷೆಯನ್ನು ಕಳಚಿಯೇ ಒಳಹೊಗುವ ಪದ್ಧತಿ; ನೆಲಕ್ಕೆ ಹಾಸಿರುವುದು 18ನೆಯ ಶತಮಾನದಲ್ಲಿ ಚೀನಾದಿಂದ ತರಿಸಿದ, ಕೈಯಿಂದ ಚಿತ್ರಿಸಿದ ನೀಲಿ ಬಿಲ್ಲೆಗಳು. ನೂರು ಮಣ ತೂಗುವ 'ಮಟ್ಟಾಂಚೇರಿಸಾರಸ್' ಬರಿಗಾಲಿನಲ್ಲಿ, ಒಂದು ಬಿಲ್ಲೆಯೂ ಬಿರಿಯದಂತೆ, ಶುಕ್ರವಾರ ಸಂಜೆ ಒಳಗೆ ಬಂದು ಕುಳಿತುಕೊಳ್ಳಬೇಕು.

ವಿನೋದ ಇಷ್ಟಕ್ಕೆ ನಿಂತಿದ್ದರೆ ಅದರ ವಿಚಾರ ಬರೆಯಬೇಕಾದ ಅಗತ್ಯವಿರಲಿಲ್ಲ. ಅದರ ಹಿಂದೆ ಯೆಹೂದ್ಯರ ಆಹಾರಧರ್ಮದ ಪ್ರಶ್ನೆ ತಪ್ಪದೆ ಬರುತ್ತದೆ: ಡೈನೊಸಾರ್ ಭೋಜ್ಯವೋ ಅಭೋಜ್ಯವೋ? ಲೇವಿಯರ ಕಾಂಡದ 11ನೆಯ ಅಧ್ಯಾಯದ ಪ್ರಕಾರ ನೆಲದ ಪ್ರಾಣಿಗೆ ಸೀಳಿದ ಗೊರಸು ಇರಬೇಕು, ಅದು ಮೆಲುಕು ಹಾಕಬೇಕು. ಜಲಚರಕ್ಕೆ ಈಜುರೆಕ್ಕೆಯೂ ಹುರುಪೆಯೂ ಇರಬೇಕು. ಹಲ್ಲಿ ಓತಿಗಳ ಜಾತಿ ಸಂಪೂರ್ಣವಾಗಿ ವರ್ಜ್ಯ. 'ಘೋರವಾದ ಹಲ್ಲಿ'ಯೆಂದು ಓವನ್ ಹೆಸರಿಟ್ಟ ಮೇಲೆ ತೀರ್ಪು ಸುಲಭವೆಂದೇ ತೋರುತ್ತದೆ. ಆದರೆ ವಿಜ್ಞಾನವು ಈ ತೀರ್ಪನ್ನು ತೊಡಕಾಗಿಸಿದೆ. ಹಕ್ಕಿಗಳು ಡೈನೊಸಾರುಗಳ ವಂಶದವೆಂಬ ಸಂದೇಹವನ್ನು ಥಾಮಸ್ ಹಕ್ಸ್ಲಿ 1860ರ ದಶಕದಲ್ಲಿಯೇ ಮುಂದಿಟ್ಟಿದ್ದನು. 1996ರಲ್ಲಿ ಚೀನಾದಲ್ಲಿ ತುಪ್ಪುಳಿನ ಗುರುತುಳ್ಳ ಡೈನೊಸಾರ್ ಪ್ರಕಟವಾದಂದಿನಿಂದ ಆ ಸಂದೇಹ ಸಿದ್ಧಾಂತವಾಗಿ ನೆಲೆಗೊಂಡಿತು. ಎರಡು ಕಾಲಿನ ಮಾಂಸಾಹಾರಿ ಡೈನೊಸಾರುಗಳ ಒಂದು ಕವಲೇ ಇಂದಿನ ಪಕ್ಷಿಕುಲ. ಹಾಗಾದ ಮೇಲೆ, ವಿಧಿಪ್ರಕಾರ ಕೊಯ್ದು ಶುದ್ಧಿಗೊಳಿಸಿ ಮಟ್ಟಾಂಚೇರಿಯ ಮನೆಗಳಲ್ಲಿ ಬೇಯಿಸುತ್ತಿದ್ದ ಕೋಳಿ ಧರ್ಮಸಮ್ಮತವಾದ ಡೈನೊಸಾರೇ ಅಲ್ಲವೆ?

ಇಂತಹ ವಿನೋದ ಯೆಹೂದ್ಯರಲ್ಲಿ ನಿನ್ನೆ ಮೊನ್ನೆಯದಲ್ಲ. ಸುಮಾರು ಆರನೆಯ ಶತಮಾನದ ವೇಳೆಗೆ ರೂಪುಗೊಂಡ ಬಾಬಿಲೋನಿನ ತಾಲ್ಮುದಿನಲ್ಲಿ, ಆಸ್ತಿಪಾಸ್ತಿಗಳ ವ್ಯಾಜ್ಯವನ್ನು ಕುರಿತ 'ಬಾವಾ ಬತ್ರಾ' ಎಂಬ ಭಾಗದ ನಡುವೆ, ರಬ್ಬಾ ಬರ್ ಬರ್ ಹನಾ ಎಂಬ ಪಂಡಿತನ ಹೆಸರಿನಲ್ಲಿ ಒಂದು ಕಥಾಮಾಲೆಯೇ ಸೇರಿಕೊಂಡಿದೆ. ಹಡಗಿನವರು ಮರಳು ತುಂಬಿ ಹುಲ್ಲು ಬೆಳೆದ ದ್ವೀಪವೆಂದು ಬಗೆದು ಇಳಿದು ಒಲೆ ಹೂಡುತ್ತಾರೆ. ಅದು ಒಂದು ಮೀನಿನ ಬೆನ್ನು. ಕಾವು ತಗುಲಿದೊಡನೆ ಮೀನು ಮಗ್ಗುಲು ಮಗುಚುತ್ತದೆ. ಕಡಲ ನೀರು ಹಕ್ಕಿಯೊಂದರ ಹರಡಿನವರೆಗೆ ಮಾತ್ರ ಬಂದಿರುವುದನ್ನು ಕಂಡು ಅಲ್ಲಿ ಸ್ನಾನ ಮಾಡಬಹುದೆಂದು ಹಡಗಿನವರು ಬಗೆಯುತ್ತಾರೆ. ಏಳು ವರ್ಷಗಳ ಹಿಂದೆ ಅಲ್ಲಿ ಬಿದ್ದ ಬಡಗಿಯ ಕೊಡಲಿ ಇನ್ನೂ ತಳ ಮುಟ್ಟಿಲ್ಲವೆಂದು ಆಕಾಶವಾಣಿ ಎಚ್ಚರಿಸುತ್ತದೆ. ಇನ್ನೊಂದೆಡೆ ಅರವತ್ತು ಮನೆಗಳ ಕೋಟೆಯಷ್ಟು ದೊಡ್ಡ ಕಪ್ಪೆ. ಆ ಕಪ್ಪೆಯನ್ನು ಹಾವು ನುಂಗುತ್ತದೆ. ಹಾವನ್ನು ಕಾಗೆಯ ಜಾತಿಯ ಹಕ್ಕಿ ನುಂಗಿ ಹಾರಿ ಹೋಗಿ ಒಂದು ಮರದ ಮೇಲೆ ಕೂರುತ್ತದೆ. ಇಷ್ಟನ್ನು ಹೇಳಿ ರಬ್ಬಾ, ಆ ಮರ ಎಷ್ಟು ಗಟ್ಟಿಯಾಗಿದ್ದಿರಬೇಕು ಯೋಚಿಸಿರಿ ಎನ್ನುತ್ತಾನೆ. ಇನ್ನೊಬ್ಬ ಪಂಡಿತನು ತಾನು ಅಲ್ಲಿ ಇದ್ದುದರಿಂದ ನಂಬಿದೆನೆಂದೂ, ಇಲ್ಲದಿದ್ದರೆ ನಂಬುತ್ತಿರಲಿಲ್ಲವೆಂದೂ ಸಾಕ್ಷ್ಯ ಸೇರಿಸುತ್ತಾನೆ. ಹಾಸ್ಯದ ಹದವನ್ನು ಬಲ್ಲವರ ಕೈವಾಡವಿದು.

ಕನ್ನಡಿಗರಿಗೆ ಈ ಸರಪಣಿ ಅಪರಿಚಿತವಲ್ಲ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದರ ಸೋದರನಂತಿರುವ ಶಿಲ್ಪವೊಂದಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ದೃಶ್ಯವದು. ಬಳ್ಳಿಗಾವೆಯ ಗಂಡಭೇರುಂಡ ಸ್ತಂಭ ಇದಕ್ಕೂ ಹಿಂದಿನದು, 1047ರದು. ಎರಡು ಕಡೆಯೂ ಸಣ್ಣ ಪ್ರಾಣಿಯಿಂದ ಹೊರಟು ಕಲ್ಪಿತವಾದ ಹಕ್ಕಿಯಲ್ಲಿ ಮುಗಿಯುವ ಏರಿಕೆ ಒಂದೇ. ಒಂದು ಇನ್ನೊಂದರಿಂದ ಬಂದಿತೆಂದು ಹೇಳಲು ಆಧಾರವಿಲ್ಲ. ಭೇದವಿರುವುದು ಮುಗಿತಾಯದಲ್ಲಿ. ಬೇಲೂರಿನಲ್ಲಿ ಕೊನೆಗೆ ನಿಲ್ಲುವುದು ಪರಾಕ್ರಮ. ಆದ್ದರಿಂದಲೇ ಗಂಡಭೇರುಂಡ ಅರಸರ ಬಿರುದಾಗಿ, ಮೈಸೂರಿನ ರಾಜಲಾಂಛನವಾಗಿ, ಕಡೆಗೆ ಕರ್ನಾಟಕ ರಾಜ್ಯದ ಲಾಂಛನವಾಯಿತು. ತಾಲ್ಮುದಿನಲ್ಲಿ ಕೊನೆಗೆ ನಿಲ್ಲುವುದು ಒಂದು ಮರ. ಯೆಹೂದ್ಯರ ಹಕ್ಕಿಯನ್ನು ಬಿರುದಾಗಿ ಧರಿಸಲು ಆಗ ಅವರಿಗೆ ಅರಸನೂ ಇರಲಿಲ್ಲ, ರಾಜ್ಯವೂ ಇರಲಿಲ್ಲ.

ಕಲ್ಪಿತ ಪ್ರಾಣಿಯ ಮೇಲೆ ನಿಜವಾದ ಶಾಸ್ತ್ರವನ್ನು ಹೂಡುವ ಪದ್ಧತಿಯೇ ಇಲ್ಲಿಯ ಮುಖ್ಯ ವಿಷಯ. ಲೆವಿಯಾಥಾನ್ ಎಂಬ ಸಮುದ್ರದ ಮಹಾಪ್ರಾಣಿಯನ್ನು ಯಾರೂ ಬಲೆಗೆ ಹಾಕಿದವರಿಲ್ಲ. ಅದರ ಹೆಣ್ಣನ್ನು ದೇವರು ಕೊಂದು ಉಪ್ಪಿನಲ್ಲಿಟ್ಟು ಮುಂದಿನ ಲೋಕದಲ್ಲಿ ಸಜ್ಜನರಿಗೆ ಬಡಿಸಲು ಕಾದಿರಿಸಿದ್ದಾನೆಂದು ಕಥೆ. ಬಡಿಸುವುದಾದರೆ ಅದು ಶುದ್ಧವಾದ ಮೀನಾಗಿರಬೇಕಷ್ಟೆ. ಆದ್ದರಿಂದ ಅದಕ್ಕೆ ಈಜುರೆಕ್ಕೆಯೂ ಹುರುಪೆಯೂ ಉಂಟೆಂದು ಯೋಬನ ಗ್ರಂಥದ ಮಾತುಗಳಿಂದ ಪ್ರಮಾಣ ಕೊಟ್ಟು ಸಾಧಿಸಿದರು. ಇನ್ನೊಂದು 'ತಹಷ್'. ಮೋಶೆಯ ಕಾಲದ ಪವಿತ್ರ ಗುಡಾರಕ್ಕೆ ಹೊದಿಸಿದ್ದು ಇದರ ಚರ್ಮವೆಂದು ವಿಮೋಚನಕಾಂಡ ಹೇಳುತ್ತದೆ; ಆದರೆ ಆ ಪ್ರಾಣಿ ಯಾವುದೆಂದು ಮುಂದಿನವರಿಗೆ ತಿಳಿಯದೆ ಹೋಯಿತು. ಅದು ಬಣ್ಣಬಣ್ಣದ ಒಕ್ಕೊಂಬಿನ ಪ್ರಾಣಿ, ಕಾಡಿನದೋ ನಾಡಿನದೋ ನಿಶ್ಚಯವಿಲ್ಲ, ಆ ಒಂದು ಕಾಲಕ್ಕೆ ಮಾತ್ರ ತೋರಿ ಬಳಿಕ ಮರೆಯಾಯಿತು ಎಂದು ತಾಲ್ಮುದಿನ ಪಂಡಿತರು ಹೇಳಿದರು. ಒಂದು ಪ್ರಾಣಿಜಾತಿ ಭೂಮಿಯಿಂದ ಸಂಪೂರ್ಣವಾಗಿ ಇಲ್ಲದಾಗಬಹುದೆಂಬುದನ್ನು ಯುರೋಪಿನ ವಿಜ್ಞಾನಿಗಳು 1796ರಲ್ಲಿ ಕ್ಯುವಿಯೆ ಆನೆಗಳ ಎಲುಬುಗಳನ್ನು ಹೋಲಿಸಿ ತೋರಿಸಿದ ಮೇಲಷ್ಟೆ ಒಪ್ಪತೊಡಗಿದರು. ತಹಷಿನ ಪಂಡಿತರು ಎಲುಬನ್ನು ಕಂಡವರಲ್ಲ; ಅವರ ಕೈಯಲ್ಲಿದ್ದುದು ಹೆಸರು ಮಾತ್ರ.

ಹೆಸರು ಉಳಿದು ಪ್ರಾಣಿ ಮರೆತುಹೋದುದರ ಫಲ ದಿನಬಳಕೆಯಲ್ಲಿಯೂ ಉಂಟು. ಧರ್ಮಶಾಸ್ತ್ರವು ತಿನ್ನಬಾರದ ಹಕ್ಕಿಗಳನ್ನು ಹೆಸರಿಟ್ಟು ಹೇಳುತ್ತದೆ, ತಾಲ್ಮುದಿನ ಎಣಿಕೆಯಂತೆ 24. ಅವುಗಳಲ್ಲಿ ಹಲವು ಹೆಸರುಗಳು ಯಾವ ಹಕ್ಕಿಗೆ ಸಲ್ಲುತ್ತವೆಂಬುದು ಈಗ ಖಚಿತವಿಲ್ಲ. ಆದ್ದರಿಂದ ತಂದೆತಾತಂದಿರು ತಿಂದುದೆಂದು ಪರಂಪರೆಯಿಂದ ಬಲ್ಲ ಹಕ್ಕಿಯನ್ನು ಮಾತ್ರ ತಿನ್ನುವ ರೂಢಿ ಬಲವಾಯಿತು. ಊರು ಬಿಟ್ಟು ಊರಿಗೆ ಹೋದ ಸಮುದಾಯಕ್ಕೆ ಇದು ಸಣ್ಣ ಮಾತಲ್ಲ. ಹೊಸ ನೆಲದ ಹಕ್ಕಿಗೆ ಹಳೆಯ ಹೆಸರನ್ನು ತಪ್ಪಾಗಿ ಅಂಟಿಸಿದರೆ ಧರ್ಮವೇ ಕೆಟ್ಟಂತೆ.

ಎಲುಬುಗಳು ಸಿಕ್ಕ ಕಾಲಕ್ಕೆ ಈ ಪರಂಪರೆ ಅವನ್ನು ಹೇಗೆ ಎದುರುಗೊಂಡಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಓವನ್ ತನ್ನ ಹೊಸ ಶಬ್ದವನ್ನು ಪ್ರಕಟಿಸಿದ 1842ರಲ್ಲಿಯೇ ಡಾನ್ಸಿಗ್ ಪಟ್ಟಣದ ಧರ್ಮಗುರು ಇಸ್ರಾಯೇಲ್ ಲಿಪ್‌ಷಿಟ್ಜ್ ಪಸ್ಖಹಬ್ಬದ ಉಪನ್ಯಾಸವೊಂದರಲ್ಲಿ ಸೈಬೀರಿಯದ ಮಾಮತ್, ಇಗುವಾನೊಡಾನ್, ಮೆಗಲೊಸಾರಸ್ ಮೊದಲಾದ ಅವಶೇಷಗಳ ಪ್ರಸ್ತಾಪವೆತ್ತಿದರು. ದೇವರು ಈ ಲೋಕಕ್ಕೆ ಮುನ್ನ ಬೇರೆ ಲೋಕಗಳನ್ನು ಸೃಷ್ಟಿಸಿ ಅಳಿಸಿದನೆಂಬ ಹಳೆಯ ವ್ಯಾಖ್ಯಾನವೊಂದಿತ್ತು. ಈ ಎಲುಬುಗಳು ಆ ಲೋಕಗಳವು ಎಂದರು. ಹೀಗೆ ಹೊಂದಿಸುವುದು ಶಾಸ್ತ್ರದೃಷ್ಟಿಯಿಂದ ಪ್ರಮಾಣವಲ್ಲ. ಆದರೆ ಎಲುಬನ್ನು ಅಲ್ಲಗಳೆಯದೆ ಅದಕ್ಕೆ ಸ್ಥಳ ಮಾಡಿಕೊಟ್ಟ ಔದಾರ್ಯ ಮೆಚ್ಚತಕ್ಕದ್ದು. ನಗೆಗೂ ಸತ್ಯಕ್ಕೂ ಕೆಲವೊಮ್ಮೆ ಆಕಸ್ಮಿಕವಾಗಿ ಭೇಟಿಯಾಗುವುದೂ ಉಂಟು. ಏದೆನ್ ತೋಟದ ಹಾವಿಗೆ ಮೊದಲು ಕಾಲುಗಳಿದ್ದುವೆಂದೂ ದೇವದೂತರು ಅವನ್ನು ಕತ್ತರಿಸಿದರೆಂದೂ ಯೆಹೂದ್ಯರ ವ್ಯಾಖ್ಯಾನಗಳಲ್ಲಿ ಕಥೆಯಿದೆ. ಯೆರೂಸಲೇಮಿಗೆ ಉತ್ತರದಲ್ಲಿ ಐನ್ ಯಬ್ರೂದ್ ಎಂಬಲ್ಲಿಯ ಸುಣ್ಣಕಲ್ಲಿನಲ್ಲಿ ಸುಮಾರು ಒಂಬತ್ತೂವರೆ ಕೋಟಿ ವರ್ಷ ಹಿಂದಿನ, ಹಿಂಗಾಲುಗಳುಳ್ಳ ಹಾವಿನ ಅವಶೇಷಗಳು ದೊರೆತುವು. ಪ್ರಾಣಿಶಾಸ್ತ್ರಜ್ಞ ಗಿಯೋರ್ಗ್ ಹಾಸರ ಗೌರವಾರ್ಥವಾಗಿ ಅವುಗಳಲ್ಲಿ ಒಂದಕ್ಕೆ 2000ರಲ್ಲಿ 'ಹಾಸಿಯೊಫಿಸ್ ಟೆರಾಸ್ಯಾಂಕ್ಟಸ್', ಎಂದರೆ ಪುಣ್ಯಭೂಮಿಯ ಹಾಸನ ಹಾವು, ಎಂದು ಹೆಸರಿಟ್ಟರು.

ಭಾರತದ ಡೈನೊಸಾರುಗಳ ನಾಮಕರಣವೂ ವಿನೋದಕ್ಕೆ ದೂರವಲ್ಲ. ಜಬ್ಬಲಪುರದಲ್ಲಿ ದೊರೆತ ಒಂದು ದೈತ್ಯನಿಗೆ ಸೋಹನ್ ಲಾಲ್ ಜೈನ್ ಎಂಬ ವಿಜ್ಞಾನಿಯ ನೆನಪಿಗಾಗಿ 'ಜೈನೊಸಾರಸ್' ಎಂಬ ಹೆಸರು ಬಂದಿದೆ. ಹೆಸರಿಗೆ ತಕ್ಕಂತೆ ಅದು ಸಸ್ಯಾಹಾರಿ. ಗೋದಾವರಿ ಕಣಿವೆಯ 'ಬಾರಾಪಾಸಾರಸ್' ಎಂಬುದರಲ್ಲಿ 'ದೊಡ್ಡ ಕಾಲು' ಎಂಬರ್ಥದ ದೇಶ್ಯ ಮಾತಿದೆ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವೇಳೆಗೆ ಅಗೆದು ತೆಗೆದುದರಿಂದ ಜಾತಿಗೆ ಅವರ ಹೆಸರು ಸೇರಿತು. ಕೇರಳಕ್ಕೆ ನೆರೆಯಾದ ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡಿನಲ್ಲಿ ಸಿಕ್ಕಿದ ಪ್ರಾಣಿಯ ವೃತ್ತಾಂತ ಮಾತ್ರ ತಹಷಿನದನ್ನೇ ಹೋಲುತ್ತದೆ. ಅದರ ಎಲುಬುಗಳು ಅಳವಿಗೆ ಮೀರಿದ ಗಾತ್ರದವಾದ್ದರಿಂದ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು 1987ರಲ್ಲಿ 'ಬೃಹತ್ಕಾಯೊಸಾರಸ್' ಎಂದು ಹೆಸರಿಟ್ಟರು. ಕನ್ನಡಿಗನಿಗೆ ಅನುವಾದವೇ ಬೇಡ. ಅದು ಎಲುಬೇ ಅಲ್ಲ, ಮರದ ದಿಮ್ಮಿಯೆಂದು ಸಂದೇಹಿಸಿದವರೂ ಇದ್ದರು. ಆ ಅವಶೇಷಗಳು ಪುಡಿಯಾಗಿ ಹೋದುವೆಂದು 2017ರಲ್ಲಿ ಪ್ರಕಟವಾಯಿತು. ಉಳಿದಿರುವುದು ಹೆಸರು, ವರ್ಣನೆ ಮತ್ತು ಚಿತ್ರಗಳು. ಶಾಸ್ತ್ರದ ನಿಯಮದಂತೆ ಎಲುಬು ಮೊದಲು, ಹೆಸರು ಆಮೇಲೆ. ಇಲ್ಲಿ ಎಲುಬು ಹೋಗಿ ಹೆಸರು ನಿಂತಿದೆ, ಪಂಡಿತರು ವಾದಿಸುತ್ತಿದ್ದಾರೆ.

ಹಕ್ಕಿಗಳು ಡೈನೊಸಾರುಗಳೆಂದು ಒಪ್ಪಿದ ಮೇಲೆ, ದಕ್ಷಿಣ ಭಾರತವು ಯೆಹೂದ್ಯರ ಪವಿತ್ರ ಗ್ರಂಥಕ್ಕೆ ಒಂದು ಡೈನೊಸಾರನ್ನು ಹೆಸರುಸಹಿತ ಕಳುಹಿಸಿಕೊಟ್ಟಿರುವ ಸಂಭವವನ್ನು ಪರಿಶೀಲಿಸಬೇಕಾಗುತ್ತದೆ. ಅರಸುಗಳ ಮೊದಲನೆಯ ಗ್ರಂಥದ 10ನೆಯ ಅಧ್ಯಾಯದಲ್ಲಿ, ಸೊಲೊಮೋನನ ಹಡಗುಗಳು ಮೂರು ವರ್ಷಕ್ಕೊಮ್ಮೆ ಬಂಗಾರ, ಬೆಳ್ಳಿ, ದಂತ, ಕೋತಿ ಇವುಗಳೊಡನೆ 'ತುಕ್ಕಿಯೀಮ್' ಎಂಬುವನ್ನು ತರುತ್ತಿದ್ದುವೆಂದಿದೆ. 'ಈಮ್' ಬಹುವಚನ ಪ್ರತ್ಯಯ, ಉಳಿಯುವುದು 'ತುಕ್ಕಿ'. ಇದನ್ನು ನವಿಲೆಂದು ಅರ್ಥಮಾಡುವುದು ಪ್ರಾಚೀನ ಸಂಪ್ರದಾಯ. ಬಿಷಪ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಈ ಶಬ್ದವನ್ನು ತಮಿಳಿನ 'ತೋಗೈ'ಗೆ ಸಂಬಂಧಿಸಿ, ಲಿಖಿತವಾಗಿ ಎಲ್ಲಿಯಾದರೂ ದೊರೆಯುವ ಅತಿ ಪ್ರಾಚೀನ ದ್ರಾವಿಡ ಪದ ಬಹುಶಃ ಇದೇ ಎಂದನು. ತಮಿಳಿನಲ್ಲಿ 'ತೋಗೈ' ಎಂದರೆ ನವಿಲಿನ ಗರಿಬಾಲ, ನವಿಲು, ಮಲಯಾಳದಲ್ಲಿ 'ತೋಕ', ತೆಲುಗಿನಲ್ಲಿ 'ತೋಕ', ಕನ್ನಡದಲ್ಲಿ 'ತೋಕೆ', ಎಂದರೆ ಬಾಲ. ಕಾಲ್ಡ್‌ವೆಲ್ಲನ ಊಹೆ ನಿಜವಾದರೆ, ಹೀಬ್ರೂ ಬೈಬಲಿನಲ್ಲಿ ಬಾಲವಾಡಿಸುತ್ತಿರುವ ಶಬ್ದ ಕನ್ನಡದ 'ತೋಕೆ'ಯ ಒಡಹುಟ್ಟು.

ಇಲ್ಲಿ ಅಭಿಮಾನವನ್ನು ಸ್ವಲ್ಪ ಬಿಗಿಹಿಡಿಯಬೇಕು. 'ತುಕ್ಕಿ' ಈಜಿಪ್ಟಿನ ಭಾಷೆಯಿಂದ ಬಂದ ಕೋತಿವಾಚಕವೆಂದು ಆಲ್‌ಬ್ರೈಟ್ ಎಂಬ ಪ್ರಸಿದ್ಧ ವಿದ್ವಾಂಸರು ವಾದಿಸಿದರು. ಯೆರೂಸಲೇಮಿನ ಹೈಮ್ ರಾಬಿನ್ ದಕ್ಷಿಣ ಭಾರತದ ಪಕ್ಷವನ್ನು ಹಿಡಿದರು. ಪಕ್ಕದಲ್ಲಿಯೇ ಬರುವ ಕೋತಿಯ ಹೆಸರು 'ಕೋಫ್' ಸಂಸ್ಕೃತದ 'ಕಪಿ'ಯನ್ನು ನೆನಪಿಗೆ ತರುವುದರಿಂದ ಭಾರತದ ಪಕ್ಷಕ್ಕೆ ಕೊಂಚ ಬಲ ಬರುತ್ತದೆ; ಸಂದೇಹವಂತೂ ತೀರಿಲ್ಲ. ದ್ರಾವಿಡ ಮೂಲವೇ ಹೆಚ್ಚು ಸಂಭವನೀಯವೆನ್ನಬಹುದು, ಸಿದ್ಧವಾಯಿತೆನ್ನಲಾಗದು. ಇದಕ್ಕಿಂತ ಬಹಳ ದುರ್ಬಲವಾದುದು ತಿರುವನಂತಪುರದ ದಕ್ಷಿಣಕ್ಕೆ ನೆಯ್ಯಾರ್ ನದಿ ಕಡಲನ್ನು ಸೇರುವಲ್ಲಿರುವ ಪೂವಾರ್ ಗ್ರಾಮವೇ ಸೊಲೊಮೋನನ ಬಂಗಾರದ ನಾಡಾದ ಓಫೀರ್ ಎಂಬ ಪ್ರತೀತಿ. ಇದಕ್ಕೆ ಆಧಾರ ಉಚ್ಚಾರಣೆಯ ಸಾದೃಶ್ಯ ಮಾತ್ರ. ಇದೇ ಗೌರವವನ್ನು ಮುಂಬಯಿಯ ಬಳಿಯ ಸೋಪಾರಕ್ಕೂ ಮಲಬಾರಿನ ಬೇಪೂರಿಗೂ ಕೊಟ್ಟವರುಂಟು. ಅರೇಬಿಯ, ಆಫ್ರಿಕಗಳನ್ನು ತೋರಿಸಿದವರೂ ಉಂಟು. 'ತೋಕೆ'ಗೆ ನಾಲ್ಕು ಭಾಷೆಗಳ ಸಾಕ್ಷಿಯಿದೆ. ಪೂವಾರಿಗೆ ಕಿವಿಯ ಸಾಕ್ಷಿ ಬಿಟ್ಟರೆ ಬೇರೆಯಿಲ್ಲ. ಒಂದು ಹಲ್ಲಿನಿಂದ ಇಡೀ ಪ್ರಾಣಿಯನ್ನು ಬರೆಯುವ ಉತ್ಸಾಹ ಭಾಷಾಶಾಸ್ತ್ರಕ್ಕೂ ತಪ್ಪಿದ್ದಲ್ಲ. 1971ರಲ್ಲಿ ತಿರುವನಂತಪುರದಲ್ಲಿ ವಿ. ಐ. ಸುಬ್ರಮಣ್ಯಂ ಅವರ ಮುಂದಾಳುತನದಲ್ಲಿ ದ್ರಾವಿಡ ಭಾಷಾಶಾಸ್ತ್ರ ಸಂಘ ಸ್ಥಾಪಿತವಾದ ಮೇಲೆ ಇಂತಹ ಪ್ರಶ್ನೆಗಳನ್ನು ತೂಗಲು ಆ ನಗರದಲ್ಲಿಯೇ ತಕ್ಕಡಿ ಸಿದ್ಧವಾಯಿತು.

ಹೆಸರುಗಳ ಸಂಚಾರ ಒಮ್ಮುಖವಾಗಿರಲಿಲ್ಲ. ಸುಮಾರು 1000ದಲ್ಲಿ ಚೇರರ ಅರಸ ಭಾಸ್ಕರ ರವಿವರ್ಮನು ಯೋಸೇಫ್ ರಬ್ಬಾನ್ ಎಂಬ ಯೆಹೂದ್ಯ ಮುಖಂಡನಿಗೆ ಮರ್ಯಾದೆಗಳನ್ನು ದಾನಮಾಡಿದ ತಾಮ್ರಶಾಸನದಲ್ಲಿ, ವಟ್ಟೆಳುತ್ತು ಲಿಪಿಯಲ್ಲಿ, ಆ ಹೀಬ್ರೂ ಹೆಸರು 'ಇಸ್ಸುಪ್ಪು ಇರಪ್ಪಾನ್' ಎಂದಾಗಿದೆ. 'ತೋಕೆ'ಯ ಬಾಲವನ್ನು ಅವರು ಮೊಟಕುಗೊಳಿಸಿದ್ದರೆ, ಯೋಸೇಫನಿಗೆ ಇಲ್ಲಿಯ ನಾಲಗೆ ಸ್ವರಗಳನ್ನು ತೊಡಿಸಿತು. ಮಂಗಳೂರಿನಲ್ಲಿ 12ನೆಯ ಶತಮಾನದಲ್ಲಿ ಹಲವು ವರ್ಷ ಬಾಳಿದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುವಿನ ಕೆಲಸಗಾರ 'ಬೊಮ್ಮ'ನ ಹೆಸರು ಹೀಬ್ರೂ ಲಿಪಿಯ ಪತ್ರಗಳಲ್ಲಿ ಉಳಿದು ಕೈರೋ ನಗರದ ಸಿನಗಾಗೊಂದರಲ್ಲಿ ಸಿಕ್ಕಿತು.

ಕೊಚ್ಚಿಯ ಯೆಹೂದ್ಯರು 1950ರ ದಶಕದಲ್ಲಿ ಬಹುಸಂಖ್ಯೆಯಲ್ಲಿ ಇಸ್ರೇಲಿಗೆ ಹೋದರು. ಪರದೇಶಿ ಸಿನಗಾಗಿನ ನಾಲ್ಕುನೂರನೆಯ ವರ್ಷದ ಉತ್ಸವವನ್ನು 1968ರಲ್ಲಿ ಆಚರಿಸುವ ವೇಳೆಗೆ ಉಳಿದವರು ಕೆಲವರು. ಇಂದು ಬೆರಳೆಣಿಕೆಗಿಂತ ಹೆಚ್ಚಿಲ್ಲ. ಹೋದವರು ಒಯ್ದ ಸಾಮಾನಿನಲ್ಲಿ ಹೆಂಗಸರು ಮಲಯಾಳ ಅಕ್ಷರದಲ್ಲಿ ಬರೆದಿಟ್ಟ ಹಾಡಿನ ಪುಸ್ತಕಗಳಿದ್ದುವು. ಮದುವೆ ಹಬ್ಬಗಳಲ್ಲಿ ಅವರು ಹಾಡುತ್ತಿದ್ದ ಈ ಹಾಡುಗಳನ್ನು ಸ್ಕರಿಯ ಜಕರಿಯ ಮತ್ತು ಓಫಿರಾ ಗಾಮ್ಲಿಯೇಲ್ 'ಕಾರ್‌ಕುಳಲಿ' ಎಂಬ ಹೆಸರಿನಲ್ಲಿ 2005ರಲ್ಲಿ ಯೆರೂಸಲೇಮಿನಿಂದ ಸಂಪಾದಿಸಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು ಹೊರಬಂದ ಹಾಡುಗಳ ಧ್ವನಿಮುದ್ರಿಕೆಯ ಹೆಸರೇ ಚೆಲುವ ಗಿಳಿಯನ್ನು ಕರೆಯುತ್ತದೆ, ಏಕೆಂದರೆ ಆ ಹಾಡುಗಳಲ್ಲಿ ಗಿಳಿಗೆ ವಿಶೇಷ ಸ್ಥಾನವುಂಟು. ಮಲಯಾಳದಲ್ಲಿ ಗಿಳಿಗೆ 'ತತ್ತ' ಎಂಬ ಹೆಸರೂ ಇದೆ. ಆಧುನಿಕ ಹೀಬ್ರೂ ಭಾಷೆಯಲ್ಲಿ ಗಿಳಿಗೆ ಏನೆನ್ನುತ್ತಾರೆಂದು ವಿಚಾರಿಸಿದರೆ ಬರುವ ಉತ್ತರ 'ತುಕ್ಕಿ'. ಭಾಷೆಯನ್ನು ಹೊಸದಾಗಿ ಕಟ್ಟಿದವರು ನವಿಲಿಗೆ ತಾಲ್ಮುದಿನ ಕಾಲದ 'ತವಾಸ್' ಎಂಬ ಬೇರೆ ಶಬ್ದವನ್ನು ಉಳಿಸಿಕೊಂಡು, ಬೈಬಲಿನ ಹೆಸರನ್ನು ಗಿಳಿಗೆ ಕೊಟ್ಟರು. ಮಟ್ಟಾಂಚೇರಿಯಲ್ಲಿ ತತ್ತವನ್ನು ಹಾಡಿದ ಅಜ್ಜಿಯ ಮೊಮ್ಮಕ್ಕಳು ಇಸ್ರೇಲಿನ ಶಾಲೆಯಲ್ಲಿ ಅದನ್ನು 'ತುಕ್ಕಿ' ಎಂದು ಕಲಿಯುತ್ತಾರೆ.